ಚಂದ್ರನ ಮೂರನೇ ದಿನ

“ಹೋಗೋ ದಾರಿ ಯಾರು ಬೇಕಾದ್ರೂ ತೋರಿಸ್ತಾರೆ ಸೌಮು. ನೀನು ಬರೋ ದಾರಿ ತೋರ್ಸು,” ಎಂದರು ಊರ ಹಿರಿಯ ಶೇಬ್ವಾನಾ. “ಮೊದ್ಲು ನೀವೇ ಹೋಗಿ, ಒಣ ಬಟ್ಟೇಲಿ ವಾಪಸ್ ಬನ್ನಿ. ಆಮೇಲೆ ಆ ಮೇಷ್ಟ್ರುಗಳನ್ನ ಕರೆಸೋಣ. ಆಗ್ಲಿಲ್ವಾ, ಈ ಮಾತು ಇಲ್ಲಿಗೇ ಬಿಡು.”

ಮುಂದಿನ ತಿಂಗಳು ಮೊಂಬಾಸಾದಿಂದ ಹನ್ನೆರಡು ಮಂದಿ ಮೇಷ್ಟ್ರುಗಳು ಸಿರಿನಿ ದಂಡೆ ನೋಡಲು ಬರುವವರಿದ್ದರು. ಅವರನ್ನು ಕರೆದೊಯ್ಯುವ ಅಪ್ಪಣೆಗಾಗಿ ಸೌಮು ಒಂದು ವರ್ಷದಿಂದ ಶೇಬ್ವಾನಾರ ಮನೆ ಜಗಲಿ ಸವೆಸಿದ್ದಳು. ಸಿರಿನಿಗೆ ಇರುವುದು ಒಂದೇ ದಾರಿ. ಕಡಲಿಗೆ ಚಾಚಿದ ಹವಳಬಂಡೆಯ ಗೋಡೆಯಲ್ಲಿ ಆಳೆತ್ತರದ ಒಂದು ಕಂಡಿಯಿದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಮಾತ್ರ ಅದರೊಳಗಿನ ನೀರು ಬಸಿಯುತ್ತದೆ. ಒಂದೂವರೆ ತಾಸಿನಲ್ಲಿ ಮತ್ತೆ ತುಂಬುತ್ತದೆ.

ದಾರಿ ಬಲ್ಲವಳು ಸೋದರತ್ತೆ ಮ್ವಾನಾಶಾ. ನಲವತ್ತು ವರ್ಷ ಆ ಬಂಡೆಗಳಲ್ಲಿ ಆಕ್ಟೋಪಸ್ ಹಿಡಿದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೂ ಮಸುಕು. ಹಗ್ಗ ಹೊರಲು ದೋಣಿ ಕಟ್ಟುವ ಕೊಂಬೊ ಬಂದ. ಆರಡಿ ಆಳಿಗೆ ಈಜು ಬರುತ್ತಿರಲಿಲ್ಲ.

“ದೋಣಿ ಕಟ್ಟೋನಿಗೆ ಈಜು ಬರಲ್ಲ ಅಂದ್ರೆ ಆ ದೋಣಿ ಹತ್ತೋರ ಗತಿ ಏನೋ?” ಎಂದಳು ಅತ್ತೆ.

“ನಾನು ಕಟ್ಟಿದ್ದು ಮುಳುಗಲ್ಲ ಅತ್ತೆ. ಹಂಗಾಗಿ ಕಲಿಯೋ ಅಗತ್ಯಾನೇ ಬೀಳ್ಲಿಲ್ಲ.”

ಹೊರಡುವ ಮುನ್ನ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಅಮಾವಾಸ್ಯೆ ಕಳೆದು ಚಂದ್ರ ಕಂಡು ಇವತ್ತಿಗೆ ಎಷ್ಟು ದಿನ?”

“ಮೂರು,” ಎಂದಳು ಸೌಮು.

“ಮೂರಾ?” ಅತ್ತೆ ಬೆರಳು ಮಡಚಿ ಎಣಿಸಿ ನೋಡಿದಳು. “ಸರಿ ಬಿಡು. ನೀನು ನೋಡಿದೀಯಲ್ಲ. ಹಂಗಾದ್ರೆ ಹನ್ನೊಂದೂವರೆಗೆ ನೀರು ಪೂರ್ತಿ ಇಳಿಯುತ್ತೆ. ಹನ್ನೆರಡಕ್ಕೆ ಹೊರಗೆ ಬಂದ್ಬಿಡಬೇಕು.”

ಹನ್ನೊಂದು ಗಂಟೆಗೆ ಮೂವರೂ ಕಂಡಿ ದಾಟಿದರು. ಪಾಚಿ ಹಿಡಿದ ನೆಲದಲ್ಲಿ ನೀರು ಪಾದ ಮುಚ್ಚುವಷ್ಟೂ ಇರಲಿಲ್ಲ. ಆಚೆ ಕಾಲಿಟ್ಟ ಸೌಮು ಹಾಗೇ ನಿಂತುಬಿಟ್ಟಳು.

ಬಿಳಿ ಮರಳಿನ ಮೇಲೆ ಬಂಡೆಗಳು ಒಂದರ ಹಿಂದೊಂದು ಎದ್ದು ನಿಂತಿದ್ದವು. ಬುಡವನ್ನು ಕಡಲು ತಿಂದು ಸಣ್ಣಗೆ ಮಾಡಿತ್ತು. ತಲೆ ಮಾತ್ರ ಅಗಲ, ಅದರ ಮೇಲೆ ಕುರುಚಲು ಗಿಡ. ಒಂದು ಬಂಡೆ ಹಾಯಿ ಬಿಚ್ಚಿದ ದೋಣಿಯಂತಿತ್ತು. ಇನ್ನೊಂದರ ಹೊಟ್ಟೆಯಲ್ಲಿ ತೂತು. ಗಾಳಿ ಬೀಸಿದಾಗ ಅದು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ನಡುನಡುವೆ ಉಳಿದ ಗುಂಡಿಗಳಲ್ಲಿ ನೀರು ಎಷ್ಟು ತಿಳಿಯಾಗಿತ್ತೆಂದರೆ, ತಳದಲ್ಲಿ ಬಿದ್ದ ಕೆಂಪು ನಕ್ಷತ್ರಮೀನುಗಳನ್ನು ಕೂತಲ್ಲೇ ಎಣಿಸಬಹುದಿತ್ತು. ಇಷ್ಟು ಚೆಲುವು ಊರಿಂದ ಅರ್ಧ ತಾಸಿನ ದಾರಿಯಲ್ಲಿದ್ದೂ ಊರಿನ ಅರ್ಧ ಜನ ಇದನ್ನು ನೋಡಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು.

ಅತ್ತೆ ಒಂದೊಂದೇ ಬಂಡೆಯನ್ನು ಸವರುತ್ತ ಹೋದಳು. “ಇದು ಒಂಟೆ. ಇದು ಅಜ್ಜಿ ಒಲೆ, ಇದರ ಸಂದೀಲಿ ನಿಮ್ಮಪ್ಪನ್ನ ಮಲಗಿಸಿ ನಾವು ಕೆಲಸಕ್ಕೆ ಇಳೀತಿದ್ವಿ.” ಅವಳ ಮುಖದಲ್ಲಿ ಅಂಥ ಕಳೆಯನ್ನು ಸೌಮು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಮೇಷ್ಟ್ರುಗಳು ಎಲ್ಲಿ ಕೂರಬೇಕು, ಎಣ್ಣೆಯಲ್ಲಿ ಕರಿದ ಸಿಹಿ ಮಹಮ್ರಿಯ ಬುಟ್ಟಿಯನ್ನು ಯಾವ ನೆರಳಲ್ಲಿ ಇಡಬೇಕು ಎಂದು ಸೌಮು ಪುಸ್ತಕದಲ್ಲಿ ಬರೆದುಕೊಂಡಳು. ಬಿಸಿ ಮಹಮ್ರಿಯ ಮಾತೆತ್ತಿದ್ದೇ ಕೊಂಬೊಗೆ ಹಸಿವಾಯಿತು.

ಅತ್ತೆ ಒಂದು ಗುಂಡಿಯಲ್ಲಿ ಕಾಲಿಟ್ಟು ನಿಂತಳು. ಅಲುಗಲಿಲ್ಲ.

“ಸೌಮು, ಗಂಟೆ ಎಷ್ಟು?”

“ಹನ್ನೊಂದೂ ಮುಕ್ಕಾಲು.”

“ನೀರೊಳಗಿನ ಹುಲ್ಲು ದಡದ ಕಡೆ ಮಲಗ್ತಿದೆ. ಕಾಲಿಗೆ ತಣ್ಣೀರು ಬರ್ತಿದೆ. ನೀರು ತಿರುಗಿ ಒಂದು ಗಂಟೆ ಆಗಿದೆ ಕಣೇ.” ಅತ್ತೆಯ ದನಿ ತಗ್ಗಿತು. “ಚಂದ್ರನ್ನ ನೀನೇ ನೋಡಿದ್ಯಾ?”

ಸೌಮು ನೋಡಿರಲಿಲ್ಲ. ಆ ವಾರ ಅಕ್ಕನ ಮನೆಯಲ್ಲಿದ್ದಳು; ದೂರದ ದೇಶದಲ್ಲಿ ಚಂದ್ರ ಕಂಡನೆಂದು ರೇಡಿಯೊ ಹೇಳಿದ್ದನ್ನು ಕೇಳಿ ಎಣಿಸಿದ್ದಳು. ಈ ದಂಡೆಗೆ ಅವನು ಕಂಡದ್ದು ಮರುದಿನ ಸಂಜೆ. ಅತ್ತೆಯ ಲೆಕ್ಕವೆಲ್ಲ ಈ ದಂಡೆಯ ಚಂದ್ರನದು. ಇಂದು ಎರಡನೇ ದಿನ. ಇಳಿತ ದಿನಕ್ಕೆ ಮುಕ್ಕಾಲು ಗಂಟೆ ತಡವಾಗುತ್ತ ಹೋಗುತ್ತದೆ; ಹಾಗಾಗಿ ಎರಡನೇ ದಿನದ ನೀರು ಅಷ್ಟು ಮೊದಲೇ ಇಳಿದು, ಮೊದಲೇ ತಿರುಗಿತ್ತು.

“ರೇಡಿಯೊ ಹೇಳ್ತು,” ಎಂದಳು ಸೌಮು.

“ಬೈಗುಳ ಮನೇಲಿ,” ಎಂದಳು ಅತ್ತೆ. “ಈಗ ನಡೀರಿ.”

ಓಡಿದರು. ಅತ್ತೆಯ ಮಂಡಿ ಓಡಲು ಬಿಡಲಿಲ್ಲ. ಕೊಂಬೊ ಅವಳನ್ನು ಬೆನ್ನಿಗೆ ಹಾಕಿಕೊಂಡ.

ಕಂಡಿಯಲ್ಲಿ ನೀರು ತೊಡೆ ಮಟ್ಟ ಬಂದಿತ್ತು. ಅಲೆ ನುಗ್ಗಿದಾಗ ಎದೆಗೆ ಬಡಿಯುತ್ತಿತ್ತು. ಹಿಂದೆ ಒಳಬಾಗಿದ ಬಂಡೆಗೋಡೆ, ಹತ್ತಲು ಹಿಡಿಯಿಲ್ಲ. ಇಲ್ಲೇ ಉಳಿದರೆ ಸಂಜೆಯ ಹೊತ್ತಿಗೆ ಮರಳೇ ಇರುವುದಿಲ್ಲ.

“ನನ್ನ ಇಳ್ಸು,” ಎಂದಳು ಅತ್ತೆ. “ಎಡಗಡೆ ಗೋಡೇಲಿ ಬುಟ್ಟಿ ನೇತುಹಾಕೋಕೆ ನಾವು ಕೊರೆದ ಹಿಡಿಗಳಿವೆ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗುತ್ತೆ. ನಾನು ಮುಂದೆ.”

ಮೂವರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ಅತ್ತೆ ಮುಂದೆ, ಕೊಂಬೊ ನಡುವೆ, ಸೌಮು ಕೊನೆಗೆ.

ಅಲೆ ಬಂತು. ಮೂವರೂ ಗೋಡೆಗೆ ಅಂಟಿದರು.

ಅಲೆ ಹಿಂದೆ ಸರಿಯಿತು. “ಈಗ,” ಎಂದಳು ಅತ್ತೆ. ನಾಲ್ಕು ಹೆಜ್ಜೆ. ಮತ್ತೆ ಅಲೆ.

ಮೂರನೇ ಸಲ ಕೊಂಬೊನ ಕಾಲು ಪಾಚಿಯ ಮೇಲೆ ಜಾರಿತು. ನೀರು ಅವನನ್ನು ಒಳಕ್ಕೆ ಎಳೆಯಿತು. ಹಗ್ಗ ಸೌಮುವಿನ ಸೊಂಟ ಕತ್ತರಿಸುವಂತೆ ಬಿಗಿಯಿತು. ಅವಳು ಎರಡು ಹಿಡಿಗಳಲ್ಲಿ ಬೆರಳು ತೂರಿಸಿ, ಹಣೆಯನ್ನು ಬಂಡೆಗೆ ಒತ್ತಿ ನಿಂತಳು. ಒಂದು ಉಗುರು ಕಿತ್ತುಬಂತು. ಕೈ ಬಿಡಲಿಲ್ಲ.

ಕೊಂಬೊ ಕೆಮ್ಮುತ್ತ ಎದ್ದ. “ಕಲೀತೀನಿ ಅತ್ತೆ,” ಎಂದ. “ನಾಳೆಯಿಂದ್ಲೇ ಈಜು ಕಲೀತೀನಿ.”

“ಇವತ್ತೇ ಕಲೀತಿದೀಯಲ್ಲೋ, ನಡಿ.”

ಕಂಡಿಯ ಹೊರಗೆ ಮೂವರೂ ಮರಳಿನ ಮೇಲೆ ಬಿದ್ದುಕೊಂಡರು. ಹಿಂದೆ ತಿರುಗಿದಾಗ ಕಂಡಿಯಿದ್ದಲ್ಲಿ ನೊರೆ ಮಾತ್ರ ಕಾಣುತ್ತಿತ್ತು.

ಶೇಬ್ವಾನಾ ಜಗಲಿಯಲ್ಲೇ ಕಾದಿದ್ದರು. ನೀರು ಸುರಿಯುವ ಬಟ್ಟೆ ನೋಡಿದರು, ಸೌಮುವಿನ ಬೆರಳು ನೋಡಿದರು.

“ಅಲೆ ಜೋರಿತ್ತು ಅನ್ಬಹುದು,” ಎಂದು ಕೊಂಬೊ ಸೌಮುವಿನ ಕಿವಿಯಲ್ಲಿ ಉಸುರಿದ.

“ಅಲೆದೇನೂ ತಪ್ಪಿಲ್ಲ,” ಎಂದಳು ಸೌಮು. “ಚಂದ್ರನ್ನ ನೋಡದೆ ದಿನ ಹೇಳಿದೆ. ತಪ್ಪು ನಂದು. ಅತ್ತೆ ಇಲ್ದಿದ್ರೆ ನಾವು ಬರ್ತಿರ್ಲಿಲ್ಲ.”

“ಸುಳ್ಳು ಹೇಳಿದ್ರೆ ಈ ಮಾತು ಇವತ್ತೇ ಮುಗಿಸ್ತಿದ್ದೆ,” ಎಂದರು ಶೇಬ್ವಾನಾ. “ಮುಂದಿನ ಚಂದ್ರ ಬರ್ಲಿ. ನೋಡೋಣ.”

ತಿಂಗಳು ಕಳೆಯಿತು. ಸೂರ್ಯ ಮುಳುಗಿ ಸಂಜೆ ಪ್ರಾರ್ಥನೆಯ ಕರೆ ಆಗಷ್ಟೇ ಮುಗಿದಿತ್ತು. ಸೌಮು ದಂಡೆಯಲ್ಲಿ ನಿಂತು ಪಡುವಣದ ತೆಂಗಿನ ತೋಪಿನ ಮೇಲಿನ ಬಾನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಹಿಂದೆ ಕೊಂಬೊ. ಶೇಬ್ವಾನಾ ಕೋಲೂರಿಕೊಂಡು ತಾವಾಗಿಯೇ ಬಂದಿದ್ದರು. ಯಾರ ಮನೆಯದೋ ರೇಡಿಯೊ ಏನನ್ನೋ ಹೇಳುತ್ತಿತ್ತು. ಅವಳು ಅತ್ತ ಕಿವಿಗೊಡಲಿಲ್ಲ.

“ಕಾಣ್ತಾ?” ಎಂದಳು ಅತ್ತೆ.

“ಕಾಣ್ತು. ಉಗುರಿನ ಅಂಚಿನಷ್ಟು. ಆ ಬಾಗಿದ ತೆಂಗಿನ ಎಡಕ್ಕೆ.”

ಅತ್ತೆ ಮಸುಕು ಕಣ್ಣುಗಳನ್ನು ಅತ್ತಲೇ ಎತ್ತಿ, ತಾನೂ ಕಂಡವಳಂತೆ ತಲೆಯಾಡಿಸಿದಳು. ಶೇಬ್ವಾನಾ ಸೌಮುವಿನ ಹೊಸ ಉಗುರು ಮೂಡುತ್ತಿದ್ದ ಬೆರಳನ್ನು ನೋಡಿದರು.

“ಮೇಷ್ಟ್ರುಗಳಿಗೆ ಹೇಳಿ ಕಳ್ಸು,” ಎಂದರು. “ಇವತ್ತಿಂದ ಎಣಿಸು.”