ಒತ್ತು, ಹಿಡಿ, ಬಿಡು

“ಅಮ್ಮಾ, ಬ್ರೇಕ್ ಒತ್ತು ಅಂತ ನಿನ್ನ ಚಿಕ್ಕ ಮಗಳಿಗೆ ಹೇಳು,” ಎಂದಳು ಅಕ್ಕ, ಕಾರಿನ ಪಕ್ಕದಲ್ಲಿ ನಿಂತು.

“ಒತ್ತಿದ್ದೀನಿ ಅಂತ ನಿನ್ನ ದೊಡ್ಡ ಮಗಳಿಗೆ ಹೇಳಮ್ಮ,” ಎಂದಳು ಪಟಾಕಿ, ಡ್ರೈವರ್ ಸೀಟಿನಿಂದ.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಒದ್ದೆ ಟವಲನ್ನು ಫಟ್ ಅಂತ ಕೊಡವಿದಳು. “ನಾನೇನು ನಿಮ್ಮ ಪೋಸ್ಟ್‌ಮ್ಯಾನಾ? ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಅಜ್ಜೀನ ಕರ್ಕೊಂಡು ಬರ್ಬೇಕು. ಕಣ್ಣಿನ ಆಪರೇಷನ್ ಆದವರನ್ನ ಬ್ರೇಕ್ ಹಿಡಿಯದ ಕಾರಲ್ಲಿ ಕೂರಿಸ್ಲಾ?”

ಪಟಾಕಿ ಮತ್ತೆ ಪೆಡಲ್ ಒತ್ತಿದಳು.

ಪಟಾಕಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಾಯಿ ತೆರೆದರೆ ಮುಚ್ಚುವ ಹುಡುಗಿಯೇ ಅಲ್ಲ ಅವಳು. ಅಂಥವಳು ಮೂರು ದಿನದಿಂದ ಅಕ್ಕನ ಜೊತೆ ಠೂ ಬಿಟ್ಟಿದ್ದಳು. ಹೊಟ್ಟೆಯೊಳಗೆ ಮಾತು ತುಂಬಿ ತುಂಬಿ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಕಾರಣ ಇತ್ತು. ಸ್ಕೂಲಿನ ಓಟದ ಪಂದ್ಯಕ್ಕೆ ಬಂದೇ ಬರ್ತೀನಿ ಅಂದಿದ್ದ ಅಕ್ಕ ಬರಲೇ ಇಲ್ಲ. ಅಮ್ಮ ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿದ್ದಳು. ಪಟಾಕಿ ಸೆಕೆಂಡ್ ಬಂದಳು. ಮೆಡಲ್ ಹಾಕಿಸಿಕೊಂಡು ತಿರುಗಿ ನೋಡಿದರೆ, ಚಪ್ಪಾಳೆ ತಟ್ಟುತ್ತಿದ್ದವರೆಲ್ಲ ಬೇರೆಯವರ ಮನೆಯವರು. ಗೆದ್ದದ್ದೇ ಬೇಡ ಅನ್ನುವಷ್ಟು ಅಳು ಬಂದಿತ್ತು. ಸಂಜೆ ಅಕ್ಕ “ಗ್ಯಾರೇಜಲ್ಲಿ ಕೆಲ್ಸ ಬಂತು ಕಣೆ,” ಅಂದಳು. ಅಷ್ಟೇ.

ಅಕ್ಕ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇವತ್ತು ರಜೆ. ಅಮ್ಮನಿಗೆ ಮನೆಗೆಲಸ, ಪೆಡಲಿಗೆ ಕಾಲು ಕೊಡುವುದಕ್ಕೆ ಬೇರೆ ಯಾರೂ ಇಲ್ಲ. ಪಟಾಕಿಯೇ ಗತಿ.

ಪೆಡಲ್ ಒತ್ತಿದರೆ ನೆಲಕ್ಕೆ ತಾಗುವಷ್ಟು ಒಳಗೆ ಹೋಗುತ್ತಿತ್ತು, ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ಒತ್ತಿದರೆ ಸ್ವಲ್ಪ ಮೇಲೆ ಬರುತ್ತಿತ್ತು.

“ಹಾಗಾದ್ರೆ ಪೈಪಲ್ಲಿ ಗಾಳಿ ಸೇರಿದೆ,” ಎಂದು ಅಕ್ಕ ಬಟ್ಟೆ ಹಗ್ಗಕ್ಕೆ ಪಾಠ ಮಾಡಿದಳು. “ಬ್ರೇಕ್ ಆಯಿಲ್ ಒತ್ತಿದ್ರೆ ಅದು ಚಕ್ರದವರೆಗೂ ಒತ್ತುತ್ತೆ. ಗಾಳೀನ ಒತ್ತಿದ್ರೆ ಅದು ಅಲ್ಲೇ ಮುದುರಿಕೊಂಡು ಕೂತ್ಬಿಡುತ್ತೆ.”

ಗಾಳಿ ಎಲ್ಲಿಂದ ಬಂತು? ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಕಳ್ಳ ಸಿಕ್ಕಿಬಿದ್ದ. ಹಿಂದಿನ ಎಡ ಚಕ್ರದೊಳಗೆ ಹೆಬ್ಬೆರಳು ಗಾತ್ರದ ಒಂದು ಸಿಲಿಂಡರ್. ಅದು ಸೋರಿ ಸೋರಿ ಸುತ್ತಲೂ ಆಯಿಲ್ ಒಸರಿತ್ತು. ಅಕ್ಕ ಅಂಗಡಿಗೆ ಓಡಿ ಹೊಸದನ್ನು ತಂದು ಹಾಕಿದಳು, ಚಕ್ರವನ್ನು ಒತ್ತಿ ನಿಲ್ಲಿಸುವ, ಆಯಿಲಿನಲ್ಲಿ ನೆನೆದಿದ್ದ ಬ್ರೇಕ್ ಶೂಗಳನ್ನೂ ಬದಲಾಯಿಸಿದಳು.

ಇನ್ನು ಗಾಳಿಯನ್ನು ಹೊರಗೆ ಹಾಕಬೇಕು. ಇದು ಇಬ್ಬರ ಕೆಲಸ. ಪಟಾಕಿ ಪೆಡಲ್ ಒತ್ತಿ ಹಿಡಿಯಬೇಕು. ಆಗ ಅಕ್ಕ ಚಕ್ರದ ಹಿಂದಿನ ಪುಟ್ಟ ಸ್ಕ್ರೂ ಸಡಿಲಿಸುತ್ತಾಳೆ. ಟ್ಯೂಬಿನ ಮೂಲಕ ಆಯಿಲ್ ಜೊತೆ ಗುಳ್ಳೆಗಳು ಬಾಟಲಿಗೆ ಬರುತ್ತವೆ. ಸ್ಕ್ರೂ ಬಿಗಿ ಮಾಡಿದ ಮೇಲೇ ಪಟಾಕಿ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ವಾಪಸ್ ಒಳಗೆ ನುಗ್ಗಿ ಕೆಟ್ಟಿತು.

ಚಕ್ರದ ಹಿಂದೆ ಕೂತ ಅಕ್ಕನಿಗೆ ಪಟಾಕಿ ಕಾಣುವುದಿಲ್ಲ, ಪಟಾಕಿಗೆ ಅಕ್ಕ ಕಾಣುವುದಿಲ್ಲ. ಮಾತಾಡುವಂತೆಯೂ ಇಲ್ಲ. ಅದಕ್ಕೇ ಅಮ್ಮನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಪಟಾಕಿ ಒತ್ತಿ ಹಿಡಿದಾಗ ಒಂದು ಹಾರ್ನ್. ಅಕ್ಕ ಸ್ಕ್ರೂ ಬಿಗಿ ಮಾಡಿದಾಗ ಸ್ಪ್ಯಾನರಿನಿಂದ ಒಂದು ಟಣ್.

ಪೀಂ! ಗುಳ್ಳೆ ಬಂತು. ಟಣ್! ಕಾಲು ಮೇಲೆ ಬಂತು. ಪೀಂ! ಟಣ್! ಪಕ್ಕದ ಮನೆಯವರು ಕಿಟಕಿ ಧಡಾರನೆ ಮುಚ್ಚಿಕೊಂಡರು. ಪಟಾಕಿಗೆ ಒಳಗೊಳಗೇ ನಗು. ಆದರೆ ಠೂ ಬಿಟ್ಟವರು ನಗುವ ಹಾಗಿಲ್ಲವಲ್ಲ.

ಗುಳ್ಳೆಗಳು ಮುಗಿಯುತ್ತಾ ಬಂದಿದ್ದವು. ಪೀಂ! ಅಕ್ಕ ಸ್ಕ್ರೂ ಸಡಿಲಿಸಿದಳು. ಅಷ್ಟರಲ್ಲಿ ಬೀದಿಯಿಂದ ಒಂದು ಚೆಂಡು ಹಾರಿಬಂದು ಕಬ್ಬಿಣದ ಗೇಟಿಗೆ ಬಡಿಯಿತು. ಟಣ್!

ಪಟಾಕಿ ಕಾಲು ತೆಗೆದಳು. ಟ್ಯೂಬು ಗುಳುಕ್ ಎಂದು ಗಾಳಿ ನುಂಗಿತು.

“ಯಾರೇ ನಿಂಗೆ ಬಿಡು ಅಂದಿದ್ದು?” ಅಕ್ಕ ಕೂಗಿದಳು.

“ನೀನೇ ಟಣ್ ಅಂದ್ಯಲ್ಲ!”

“ನಾನಲ್ಲ, ಗೇಟು!”

“ಗೇಟಿಗೆ ಯಾರು ಹೇಳಿದ್ದು ಟಣ್ ಅನ್ನೋಕೆ?” ಎಂದ ಪಟಾಕಿ ತಟ್ಟನೆ ಬಾಯಿ ಮುಚ್ಚಿಕೊಂಡಳು. “ಈಗ ಆಡಿದ್ದು ಲೆಕ್ಕಕ್ಕಿಲ್ಲ. ಠೂ ಹಾಗೇ ಇದೆ.”

“ಸರಿ, ಇರ್ಲಿ. ಆದ್ರೆ ಮೂರು ಗಂಟೆ ಆಗೋಯ್ತು. ಮತ್ತೆ ಮೊದಲಿಂದ ಮಾಡ್ಬೇಕು. ಬ್ರೇಕ್ ವಿಷ್ಯ ಬಾಯಲ್ಲೇ ಹೇಳೋಣ, ಬೇರೇನೂ ಬೇಡ.”

ಪಟಾಕಿ ಅಜ್ಜಿಯನ್ನು ನೆನೆದುಕೊಂಡು ಒಪ್ಪಿದಳು.

“ಒತ್ತು.”

“ಹಿಡ್ದೆ.”

“ಬಿಡು.”

ಹೀಗೇ ನಡೆಯಿತು. ಒಂದು ಸಲ ಪಟಾಕಿ “ಹಿಡ್ದೆ,” ಎಂದ ಮೇಲೆ ಆ ಕಡೆಯಿಂದ ಸದ್ದೇ ಬರಲಿಲ್ಲ. ಅವಳು ಪೆಡಲ್ ಒತ್ತಿಕೊಂಡೇ ಕಾದಳು.

“ಆವತ್ತು ನಾನು ಬಂದಿದ್ದೆ ಕಣೆ,” ಎಂದಿತು ಅಕ್ಕನ ಧ್ವನಿ, ಚಕ್ರದ ಹಿಂದಿನಿಂದ. “ಸ್ಕೂಲ್ ಗೇಟ್ ತನಕ. ಓಟ ಮುಗಿದುಹೋಗಿತ್ತು. ನೀನು ಒಬ್ಳೇ ನಿಂತು ಸುತ್ತಮುತ್ತ ಹುಡುಕ್ತಾ ಇದ್ದೆ. ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ, ವಾಪಸ್ ಹೋಗ್ಬಿಟ್ಟೆ. ತಪ್ಪು ನಂದೇ.”

ಪಟಾಕಿಗೆ ಇಳಿದು ಓಡಿಹೋಗಬೇಕು ಅನ್ನಿಸಿತು. ಅಕ್ಕನಿಗೆ ಎರಡು ಗುದ್ದಬೇಕೋ, ತಬ್ಬಿಕೊಳ್ಳಬೇಕೋ ಗೊತ್ತಾಗಲಿಲ್ಲ. ಆದರೆ ಕಾಲು ತೆಗೆಯುವ ಹಾಗಿರಲಿಲ್ಲ.

“ಹಿಡ್ಕೊಂಡೇ ಇದ್ದೀನಿ,” ಎಂದಳು ಸಣ್ಣ ಧ್ವನಿಯಲ್ಲಿ.

ಅಕ್ಕ ಸ್ಕ್ರೂ ಸಡಿಲಿಸಿದಳು. ಒಂದೂ ಗುಳ್ಳೆ ಬರಲಿಲ್ಲ. “ಬಿಡು,” ಎಂದಳು.

ಉಳಿದ ಮೂರು ಚಕ್ರಗಳೂ ಮುಗಿದ ಮೇಲೆ ಪೆಡಲ್ ಅರ್ಧ ದಾರಿಯಲ್ಲೇ ಗಟ್ಟಿಯಾಗಿ ನಿಂತಿತು. ಅಕ್ಕ ಬೀದಿಯಲ್ಲಿ ಮೆಲ್ಲಗೆ ಓಡಿಸಿ, ಮತ್ತೆ ಮತ್ತೆ ನಿಲ್ಲಿಸಿ ನೋಡಿದಳು. ಆಮೇಲೆ ಅಮ್ಮ ಓಡಿಸಿ ನೋಡಿದಳು. “ಪರವಾಗಿಲ್ವೇ!” ಎಂದು ಹೇಳಿ ಆಸ್ಪತ್ರೆಗೆ ಹೊರಟಳು.

ಅಂಗಳದಲ್ಲಿ ಇಬ್ಬರೇ ಉಳಿದರು. ಅಕ್ಕ ಮೆಟ್ಟಿಲ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದಳು, ಪಟಾಕಿಯ ಮುಖ ನೋಡದೆ. ಪಟಾಕಿ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ಬಂದು ಪಕ್ಕದಲ್ಲಿ ಕೂತಳು.

“ಶುರುವಲ್ಲಿ ನಾನು ಐದನೆಯವಳು, ಗೊತ್ತಾ?” ಎಂದಳು.

“ಹೌದಾ? ಮತ್ತೆ?”

“ತಡಿ, ಮೊದಲಿಂದ ಹೇಳ್ತೀನಿ. ವಿಷಲ್ ಊದೋಕೆ ಮುಂಚೆಯಿಂದ.”

ಅಕ್ಕ ಕೈ ಒರೆಸುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿ ಕೂತಳು. ಹೇಳತೊಡಗಿದ ಮೇಲೇ ಪಟಾಕಿಗೆ ತಿಳಿದದ್ದು, ಆ ಓಟದ ಕತೆಯನ್ನು ತಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೆ ಅಂತಲೇ ಇಟ್ಟುಕೊಂಡಿದ್ದೆ ಎಂದು.