ಹೆಣ್ಣು ನೋಡಲು ಬಂದವನ ಪೆನ್‌ಡ್ರೈವ್

ಹೆಣ್ಣು ನೋಡುವ ಶಾಸ್ತ್ರ ಅಂದಮೇಲೆ ಹುಡುಗಿ ಕಾಫಿ ತಟ್ಟೆ ಹಿಡಿದು ಬರಬೇಕು, ತಲೆ ತಗ್ಗಿಸಿ ಕೂರಬೇಕು. ನಮ್ಮ ಕೋಮಲಾ ಬಂದದ್ದು ಲ್ಯಾಪ್‌ಟಾಪ್ ಹಿಡಿದು. ಅದೂ ಅಳುತ್ತಾ!

ಯಗಟಿಯ ಆ ಮನೆಯ ಪಡಸಾಲೆಯಲ್ಲಿ ಕೂತಿದ್ದ, ಶಿವನಿ ಊರಿಂದ ಬಂದ ಗಂಡಿನ ಕಡೆಯವರು ಬಾಯಿಗಿಟ್ಟ ಉಪ್ಪಿಟ್ಟನ್ನು ನುಂಗುವುದನ್ನೇ ಮರೆತರು.

"ಅಪ್ಪಾಜಿ, ಇದು ಆನ್ ಆಗ್ತಾನೇ ಇಲ್ಲ! ನಾಳೆ ಸಾಯಂಕಾಲದೊಳಗೆ ಗಿರಿಯಪ್ಪನವರ ಮಗಳ ಲಗ್ನಪತ್ರಿಕೆ ಪ್ರಿಂಟಿಗೆ ಹೋಗ್ಬೇಕು... ನಾನೇನ್ ಮಾಡ್ಲಿ?"

ಅಪ್ಪ ದೇವೀರಪ್ಪನವರ ಮುಖ ಹುಳ್ಳಗಾಯಿತು. "ಅಯ್ಯೋ ಶಿವನೇ! ಬಂದೋರ ಮುಂದೆ ಏನವ್ವಾ ಇದು?"

ಅವಳಿಗೆ ಬಂದವರೂ ಬೇಕಿರಲಿಲ್ಲ, ಹೋದವರೂ ಬೇಕಿರಲಿಲ್ಲ. ಕಡೂರು ಬಸ್ ಸ್ಟ್ಯಾಂಡಿನ ಹಿಂದೆ ಅವಳದ್ದೊಂದು ಪುಟ್ಟ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ... ಯಾವ ಕಾರ್ಡು ಬೇಕಾದರೂ ಕಂಪ್ಯೂಟರಿನಲ್ಲಿ ಚೆಂದವಾಗಿ ಮಾಡಿಕೊಡುತ್ತಿದ್ದಳು. ಈ ಹಿಂದೆ ನೋಡಲು ಬಂದವರೆಲ್ಲ "ಮದ್ವೆ ಆದ್ಮೇಲೆ ಅಂಗಡಿ ಮುಚ್ಬಿಡ್ಲಿ" ಎಂದಿದ್ದರು. ಇವಳು ಆ ಸಂಬಂಧಗಳನ್ನೇ ಮುಚ್ಚಿದ್ದಳು! ಊರೂರಿನವರ ಮದುವೆ ಕಾರ್ಡು ಮಾಡುವ ಹುಡುಗಿಗೆ ತನ್ನ ಕೆಲಸ ಉಳಿಯುವ ಮದುವೆಯೊಂದು ಸಿಗುವುದೇ ಕಷ್ಟವಾಗಿತ್ತು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗ ತಟ್ಟೆ ಕೆಳಗಿಟ್ಟು ಎದ್ದ.

"ಕೊಡಿ, ನಾನೊಂದ್ಸಲ ನೋಡ್ತೀನಿ."

ಅವನ ಹೆಸರು ಸಿದ್ದಲಿಂಗೇಶ್. ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಬೈಕಿನ ಕೀ ಗೊಂಚಲಿನಲ್ಲಿ ತೂಗುತ್ತಿದ್ದ ಪೆನ್‌ಡ್ರೈವ್ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಆನ್ ಮಾಡುತ್ತಲೇ ಅದ್ಯಾವುದೋ ಬಟನ್ನು ಪಟಪಟ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು.

"ಏನಪ್ಪಾ ಇದು, ಮಾಟಮಂತ್ರ ಇದ್ದಂಗಿದೆ!" ದೇವೀರಪ್ಪ ಕಣ್ಣರಳಿಸಿದರು.

ಪರದೆ ಬೆಳಗಿತು! ಆದರೆ ದಿನಾ ನೋಡುವ ಪರದೆ ಅದಲ್ಲ, ಬೇರೆಯದೇ.

"ಒಳಗಿರೋ ವಿಂಡೋಸ್ ಕೈಕೊಟ್ಟಿದೆ ಅಷ್ಟೇ. ಇದು ಲಿನಕ್ಸ್ ಅಂತ. ಇದೂ ಕಂಪ್ಯೂಟರ್ ನಡೆಸೋ ಸಿಸ್ಟಮ್ಮೇ, ಈಗ ಪೆನ್‌ಡ್ರೈವ್‌ನಿಂದ ಓಡ್ತಿದೆ. ನಿಮ್ಮ ಹಳೇ ಫೈಲ್‌ಗಳು ಎಲ್ಲೂ ಹೋಗಿಲ್ಲ, ನೋಡಿ."

ಅವಳ ಬಾರ್ಡರುಗಳು, ಹೂಬಳ್ಳಿಗಳು, ಗಣಪತಿಯ ಚಿತ್ರಗಳು... ಎಲ್ಲವೂ ಇದ್ದಲ್ಲೇ ಇದ್ದವು. ಕೋಮಲಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಅಯ್ಯೋ, ಅವಳ ಎದೆಯೇಕೆ ಹಾಗೆ ಹೊಡೆದುಕೊಂಡಿತೋ!

'ಇಷ್ಟು ಜನ ಬಂದು ನನ್ನ ಬಣ್ಣ ನೋಡಿದ್ರು, ಎತ್ತರ ನೋಡಿದ್ರು. ನನ್ನ ಕೆಲಸ ನೋಡಿದ್ದು ಇವರೊಬ್ಬರೇ...'

"ಕೋಮಲಾ ಅವ್ರೇ, ಒಂದ್ ಮಾತು. ಇದ್ರಲ್ಲಿ ನೀವು ಏನ್ ಮಾಡಿದ್ರೂ..."

"ಏಳ್ರಪ್ಪಾ, ಏಳಿ! ಇನ್ನೇನು ರಾಹುಕಾಲ ಹತ್ತುತ್ತೆ!" ಸಂಬಂಧ ಕುದುರಿಸಲು ಬಂದಿದ್ದ ನಂಜುಂಡಪ್ಪ ಎಲ್ಲರನ್ನೂ ಎಬ್ಬಿಸಿಬಿಟ್ಟ. ರಾಹುಕಾಲದಲ್ಲಿ ಹೊಸ್ತಿಲು ದಾಟಿದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ ಅವನಿಗೆ. ಹುಡುಗನನ್ನು ತೋಳು ಹಿಡಿದೇ ಎಳೆದುಕೊಂಡು ಹೋದ.

"ಪೆನ್‌ಡ್ರೈವ್ ಇರ್ಲಿ ಬಿಡ್ರೀ!" ಬಾಗಿಲಾಚೆಯಿಂದ ದನಿ ಕೇಳಿಸಿತು. ಹೇಳಬೇಕಾದ ಮಾತು ಮಾತ್ರ ಅವನ ಬಾಯಲ್ಲೇ ಉಳಿಯಿತು.

ಸಂಜೆಯೆಲ್ಲ ಕೋಮಲಾ ಗಿರಿಯಪ್ಪನವರ ಕಾರ್ಡಿನ ಮುಂದೆ ಕೂತಳು. ನಡುನಡುವೆ ಸುಮ್ಮಸುಮ್ಮನೆ ನಗು. ಮುಗಿಸಿ, ಸೇವ್ ಮಾಡಿ, ಲ್ಯಾಪ್‌ಟಾಪ್ ಆಫ್ ಮಾಡಿ ಎದ್ದಳು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಅದೇ ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದರೆ... ಕಾರ್ಡೇ ಇಲ್ಲ!

ಹಳೆಯ ಫೈಲುಗಳೆಲ್ಲ ಇವೆ. ನಿನ್ನೆ ಮಾಡಿದ್ದು ಮಾತ್ರ ಹೇಳಹೆಸರಿಲ್ಲದೆ ಹೋಗಿದೆ. ಇನ್ನೂ ಹುಡುಕುತ್ತಿರುವಾಗಲೇ ನಂಜುಂಡಪ್ಪನ ಫೋನ್.

"ಕೋಮಲಾ, ಸಿಹಿ ಸುದ್ದಿ ಕಣಮ್ಮಾ! ಗಂಡಿನ ಕಡೆಯೋರಿಗೆ ಪೂರ್ತಿ ಒಪ್ಗೆ. ಆದ್ರೆ ಮದ್ವೆ ಆದ್ಮೇಲೆ ಆ ಕಾರ್ಡು ಗೀರ್ಡು ಕೆಲ್ಸ ಬೇಡ್ವಂತೆ."

ಅವಳ ಮೈಯೆಲ್ಲ ಉರಿದುಹೋಯಿತು. ಎರಡನ್ನೂ ತಾಳೆ ಹಾಕಿದಳು. ಕೆಲಸ ಬೇಡವಂತೆ, ಮಾಡಿದ ಕೆಲಸವೂ ಮಾಯ! ಅಪ್ಪನ ಹತ್ತಿರ ನಂಬರು ಕೇಳಿ ಸಿದ್ದಲಿಂಗೇಶನಿಗೇ ಫೋನ್ ಮಾಡಿದಳು.

"ನನ್ನ ಕೆಲ್ಸ ಇಷ್ಟ ಇಲ್ಲ ಅಂದಿದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತು! ಪೆನ್‌ಡ್ರೈವಲ್ಲಿ ಅದೇನೋ ಹಾಕ್ಕೊಟ್ಟು ಅಳಿಸ್ಬೇಕಿತ್ತಾ?"

"ರೀ, ಒಂದ್ನಿಮಿಷ..."

ಟಕ್ಕನೆ ಕಟ್ ಮಾಡಿದಳು. ಮಾಡಿದ ಮೇಲೆ ಟೇಬಲ್ಲಿಗೆ ತಲೆಯಾನಿಸಿ ಚೆನ್ನಾಗಿ ಅತ್ತಳು. ಕಾರ್ಡು ಹೋಯಿತೆಂದು ಅತ್ತಳೋ, ಅವನೂ ಅಂಥವನೇ ಆದನಲ್ಲ ಎಂದು ಅತ್ತಳೋ, ಅವಳಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಅಂಗಡಿಯ ಮುಂದೆ ನಿಂತಿದ್ದ. ಕಾಲೇಜಿಗೆ ರಜೆ ಹಾಕಿ, ತರೀಕೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ.

"ಬೈಯೋದಿದ್ರೆ ಎದುರಿಗೇ ಬೈದ್ಬಿಡಿ. ಆದ್ರೆ ಮೊದ್ಲು ಕೇಳಿ. ಪೆನ್‌ಡ್ರೈವಿಂದ ಓಡಿಸ್ವಾಗ ಹೊಸದಾಗಿ ಮಾಡಿದ್ದು ಅದಕ್ಕೆ ನೆನಪಿರಲ್ಲ. ಆಫ್ ಮಾಡಿದ್ರೆ ಹೋಯ್ತು. ಉಳೀಬೇಕು ಅಂದ್ರೆ ಲ್ಯಾಪ್‌ಟಾಪ್ ಒಳಗೇ ಇನ್‌ಸ್ಟಾಲ್ ಮಾಡ್ಬೇಕು. ಅದನ್ನೇ ಹೇಳೋಕ್ ಬಂದೆ, ರಾಹುಕಾಲ ಅಂತ ಎಳ್ಕೊಂಡ್ ಹೋದ್ರು!"

ಕೋಮಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಮುಖ ಸಡಿಲಿಸಲಿಲ್ಲ. "ಸರಿ. ಮದ್ವೆ ಆದ್ಮೇಲೆ ಕೆಲ್ಸ ಬೇಡ ಅಂದಿದ್ದು? ಅದೂ ರಾಹುಕಾಲಾನಾ?"

ಅವನು ತಲೆ ತಗ್ಗಿಸಿದ. "ಅದು ನಮ್ಮವ್ವ ಅಂದಿದ್ದು. ನಾನು ಅಲ್ಲೇ ಇದ್ದೆ, ಎದುರು ಮಾತಾಡ್ಲಿಲ್ಲ. ತಪ್ಪು ನಂದೇ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವಳ ಸಿಟ್ಟು ಅರ್ಧ ಇಳಿದದ್ದು ಅಲ್ಲಿಯೇ.

ಅವನು ಲ್ಯಾಪ್‌ಟಾಪ್ ಎಳೆದುಕೊಂಡು ಕೂತ. ಇನ್‌ಸ್ಟಾಲ್ ಶುರು ಮಾಡಿ, ಒಂದು ಕಡೆ ಕೈ ತಡೆದ.

"ಇಲ್ಲಿ ಎರಡು ದಾರಿ ಇದೆ. ಒಳಗಿರೋದನ್ನೆಲ್ಲ ಅಳಿಸಿ ಇದನ್ನ ಹಾಕ್ಬೋದು. ಇಲ್ಲಾಂದ್ರೆ ನಿಮ್ಮದು ಹೆಂಗಿದೆಯೋ ಹಂಗೇ ಬಿಟ್ಟು, ಪಕ್ಕದಲ್ಲಿ ಒಂಚೂರು ಜಾಗ ಮಾಡ್ಕೊಂಡು ಹಾಕ್ಬೋದು. ಲ್ಯಾಪ್‌ಟಾಪ್ ನಿಮ್ದು, ನೀವೇ ಒತ್ತಿ."

ಕೋಮಲಾ ಎರಡನೆಯದನ್ನು ಒತ್ತಿದಳು. ಪರದೆಯ ಮೇಲೆ ಗೆರೆಯೊಂದು ಬಸವನಹುಳುವಿನಂತೆ ಮುಂದೆ ಸಾಗತೊಡಗಿತು.

ಅದು ಸಾಗುತ್ತಿರುವಾಗಲೇ ಅವನು ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ಅವಳ ಮುಂದೆಯೇ ಮಾತಾಡಿದ.

"ಅವ್ವಾ, ಕೋಮಲಾ ಅಂಗಡಿ ಮುಚ್ಚೋದಿಲ್ಲ. ಶಿವನಿಯಿಂದ ಕಡೂರಿಗೆ ರೈಲಿದೆ, ಬಂದು ಹೋಗಿ ಮಾಡ್ತಾರೆ. ಇದಕ್ಕೆ ನೀನು ಒಪ್ಪಿದ್ರೇನೇ ಮುಂದಿನ ಮಾತು."

ಕೋಮಲಾ ಫೋನಿನ ಹತ್ತಿರಕ್ಕೆ ಬಾಗಿದಳು.

"ಅಲ್ವೋ, ಓಡಾಡಿ ಹುಡ್ಗಿ ಸುಸ್ತಾಗ್ತಾಳೆ ಅಂತ ಅಂದೆ ಕಣೋ. ಅವಳಿಗೇ ಇಷ್ಟ ಇದ್ರೆ ನಂದೇನು ತಕರಾರು? ಅವಳು ಬರೋದು ಲೇಟಾದ್ರೆ ಅಡಿಗೆ ಯಾರು, ನೀನ್ ಮಾಡ್ತೀಯೇನೋ?"

"ಮಾಡ್ತೀನಿ ಕಣವ್ವ."

"ಲೇ, ನೀನ್ ಮಾಡಿದ್ ಸಾರು ತಿನ್ನೋ ಗತಿ ಬಂತಾ ಆ ಹುಡ್ಗೀಗೆ! ಬೇಡ ಬಿಡು, ನಾನೇ ಮಾಡ್ತೀನಿ."

ಕೋಮಲಾ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು, ಈ ಸಲ ಖುಷಿಗೆ.

ಇನ್‌ಸ್ಟಾಲ್ ಮುಗಿಯಿತು. ಅವನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಲ್ಯಾಪ್‌ಟಾಪ್ ಯಾರ ಆಸರೆಯೂ ಇಲ್ಲದೆ ತಾನೇ ಶುರುವಾಯಿತು. ಗಿರಿಯಪ್ಪನವರು ಬರೆದುಕೊಟ್ಟಿದ್ದ ಹೆಸರುಗಳನ್ನು ಅವನು ಓದಿದ, ಅವಳು ಟೈಪ್ ಮಾಡಿದಳು. 'ಸುಖಾಗಮನ ಬಯಸುವವರು' ಎಂಬಲ್ಲಿಗೆ ಬರುವಷ್ಟರಲ್ಲಿ ಇಬ್ಬರ ಭುಜಗಳೂ ತಾಗುತ್ತಿದ್ದವು. ಯಾರೂ ಸರಿಯಲಿಲ್ಲ.

ಕಾರ್ಡು ಹೊತ್ತಿಗೆ ಸರಿಯಾಗಿ ಪ್ರೆಸ್ಸಿಗೆ ಹೋಯಿತು. ಅವನು ಒಲ್ಲದ ಮನಸ್ಸಿನಿಂದ ಎದ್ದ.

"ಹಾಗಾದ್ರೆ... ಮನೇಲಿ ಏನಂತ ಹೇಳ್ಲಿ?"

ಅವಳು ಹೊಸ ಫೈಲೊಂದನ್ನು ತೆರೆದಳು.

"ನಿಮ್ಮ ಮನೆದೇವ್ರು ಯಾವ್ದು?"

"ವೀರಭದ್ರಸ್ವಾಮಿ. ಯಾಕೆ?"

"ಕಾರ್ಡಲ್ಲಿ ಮೊದಲನೇ ಸಾಲು ಮನೆದೇವ್ರದ್ದೇ ಬರೋದು."

"ಯಾರ ಕಾರ್ಡು?"

"ನನ್ನ ಮದ್ವೇದು. ಬೇರೆಯವ್ರ ಕೈಲಿ ಮಾಡಿಸ್ತೀನಾ?"

ಸಿದ್ದಲಿಂಗೇಶ್ ನಿಂತವನು ಹಾಗೇ ಕುರ್ಚಿಯಲ್ಲಿ ಕುಸಿದು ಕೂತ.

"ನಿಮ್ಮ ಹೆಸ್ರು ದೊಡ್ಡದಾಗಿ ಹಾಕಿ ಕೋಮಲಾ. ನಂದು ಚಿಕ್ಕದಾಗಿದ್ರೂ ಪರ್ವಾಗಿಲ್ಲ."

ಅವಳು ಅವನ ಹೆಸರನ್ನು ನಿಧಾನವಾಗಿ ಟೈಪ್ ಮಾಡಿದಳು. ಪಕ್ಕದಲ್ಲಿ ತನ್ನದನ್ನೂ.

"ಎರಡೂ ಒಂದೇ ಅಳತೆ ಇರ್ತವೆ ಕಣ್ರೀ."