ಉಡಚಮ್ಮನ ಕೂದಲು ಕೆಂಪಾದದ್ದು ಹೇಗೆ?

ಭಾನುವಾರ ಬೆಳಿಗ್ಗೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಫೋನುಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು. ಒಂದೇ ಫೋಟೋ. ಎಲ್ಲರಿಗೂ.

ಹೊನ್ನಾಳಿಯ ಯಾವುದೋ ಕಲ್ಯಾಣಮಂಟಪದ ವೇದಿಕೆ. ಹಿಂದೆ ಕೆಂಪು ಪರದೆ. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಜಲ್ಲಿ ಕ್ರಷರ್ ಮಾಲೀಕ ತಿಪ್ಪೇರುದ್ರಸ್ವಾಮಿ, ಕೈಯಲ್ಲಿ ಶಾಲು. ಅವನೆದುರು ಕಡುನೀಲಿ ಸೀರೆಯುಟ್ಟು ಎರಡೂ ಕೈ ಜೋಡಿಸಿ ನಿಂತವಳು — ಉಡಚಮ್ಮ!

ಕೆಳಗೆ ಒಂದು ಸಾಲು: ‘ಹೋರಾಟಗಾರ್ತಿಗೆ ಸನ್ಮಾನ, ಓದುವ ಮನೆಗೆ ಎಳ್ಳುನೀರು.’

ತ್ಯಾವಣಿಗೆ ಹತ್ತಿರದ ಈ ಕೇರಿಯಲ್ಲಿ ಉಡಚಮ್ಮನನ್ನು ಅರಿಯದ ಮಗುವಿಲ್ಲ. ಕೇರಿಯ ತುದಿಯ ಖಾಲಿ ಜಾಗದಲ್ಲಿ ಮಕ್ಕಳಿಗೊಂದು ಓದುವ ಮನೆ ಏಳಲೇಬೇಕು ಎಂದು ಹಠ ಹಿಡಿದವಳು ಅವಳು. ಅದೇ ಜಾಗದ ಮೇಲೆ ತನ್ನ ಲಾರಿಗಳಿಗೆ ದಾರಿ ಬೇಕು ಎಂದವನು ತಿಪ್ಪೇರುದ್ರಸ್ವಾಮಿ. ನಾಳೆ ಸೋಮವಾರ ತಹಶೀಲ್ದಾರರು ಜಾಗ ನೋಡಲು ಬರುತ್ತಾರೆ. ಕೇರಿಯ ಪರವಾಗಿ ಮಾತಾಡಬೇಕಾದವಳು ಉಡಚಮ್ಮ. ಅವಳ ಬೆನ್ನಿಗೆ ನಾಳೆ ಯಾರೂ ನಿಲ್ಲದಿದ್ದರೆ? ಜಾಗ ಹೋದಂತೆಯೇ.

“ಅಯ್ಯಯ್ಯೋ, ತಲೆ ನೋಡ್ರೇ!” ಒಬ್ಬಳು ಬೆರಳಿಂದ ಫೋಟೋ ಹಿಗ್ಗಿಸಿದಳು. “ಮೆಹೆಂದಿ ಹಚ್ಕೊಂಡು ಹೋಗ್ಯಾಳೆ ಸನ್ಮಾನಕ್ಕೆ!”

ಹೌದು. ಕೂದಲು ಕೆಂಪು. ಮನೆಯಲ್ಲೇ ಮೆತ್ತಿಕೊಂಡವರ ಮೆಹೆಂದಿಯ ಹಾಗೆ ಅಲ್ಲಲ್ಲಿ ತೇಪೆ ತೇಪೆ.

“ಈ ವಯಸ್ಸಿಗೆ ಮದುವಣಗಿತ್ತಿ ಆಗ್ಯಾಳೆ ಬಿಡೇ!”

ನಕ್ಕರು. ಮೊನ್ನೆ ಅವಳ ಜೊತೆ ಘೋಷಣೆ ಕೂಗಿದ ಬಾಯಿಗಳೇ ನಕ್ಕವು. ಕೇರಿಯ ಹೆಂಗಸು ಎದ್ದು ನಿಂತರೆ ಮೊದಲು ಅವಳ ಬೆಲೆ ಕೇಳುತ್ತಾರೆ. ಅವಳಿಗೆ ಬೆಲೆಯಿಲ್ಲ ಎಂದು ಗೊತ್ತಾದಾಗ ಅವಳ ಮುಖಕ್ಕೇ ಕೈ ಹಾಕುತ್ತಾರೆ.

ಈ ಸಲ ಕೈ ಹಾಕಿದವರು ಯಾರು?

ಹೊತ್ತು ಏರುವಷ್ಟರಲ್ಲಿ ವಿಹಾರದ ಒಂದೇ ಕೋಣೆ ತುಂಬಿಹೋಯಿತು. ಬುದ್ಧವಂದನೆ, ಓದುಕೂಟ, ಜಗಳದ ಪಂಚಾಯ್ತಿ — ಕೇರಿಗೆ ಎಲ್ಲಕ್ಕೂ ಅದೇ ಕೋಣೆ. ಗೋಡೆಯ ಮೇಲೆ ಓದುಕೂಟದ ಪೋಸ್ಟರ್. ನೀಲಿ ಆಕಾಶ, ನಡುವೆ ತೆರೆದ ಪುಸ್ತಕ. ಪುಸ್ತಕದ ಹಾಳೆಗಳೂ ನೀಲಿ. ಆ ನೀಲಿ ಹಾಳೆಯೆಂದರೆ ಕೇರಿಗೆ ಬಲು ಹೆಮ್ಮೆ. ಚನ್ನಗಿರಿಯಿಂದ ಬಂದ ಮೇಷ್ಟ್ರೊಬ್ಬರು ಅದರ ಅರ್ಥವನ್ನು ಚಹಾ ಆರಿಹೋಗುವ ತನಕ ವಿವರಿಸಿದ್ದರು.

ಹೋರಾಟ ಸಮಿತಿಯ ಅಧ್ಯಕ್ಷ ಪಾಪಣ್ಣ ಗಂಟಲು ಸರಿಮಾಡಿಕೊಂಡ.

“ಉಡಚಕ್ಕಾ, ನೇರ ಕೇಳ್ತೀನಿ. ಬುಧವಾರ ಹೊನ್ನಾಳಿಗೆ ಹೋಗಿದ್ದೆಯೋ, ಇಲ್ವೋ?”

“ಹೋಗಿದ್ದೆ. ಕಣ್ಣು ತೋರಿಸಾಕೆ.”

“ಅವನ ಫಂಕ್ಷನ್ನೂ ಅವತ್ತೇ ಅಲ್ವಾ?”

“ನಂಗೇನು ಗೊತ್ತು? ಕಣ್ಣಿಗೆ ಹನಿ ಬಿಟ್ಟು ಕೂರಿಸಿದ್ರು. ಎದುರಿಗೆ ಆನೆ ಬಂದಿದ್ರೂ ಕಾಣ್ತಿರಲಿಲ್ಲ.”

“ಜೊತೆಗೆ ಯಾರಿದ್ರು?”

“ತ್ಯಾವಣಿಗೆ ತನಕ ರವಿ ಬೈಕಾಗೆ ಬಿಟ್ಟ. ಅಲ್ಲಿಂದಾಚೆ ನಾನು, ಬಸ್ಸು. ಇನ್ಯಾರು?”

ಸಾಕ್ಷಿ ಇಲ್ಲ. ಕೋಣೆಯಲ್ಲಿ ಗುಸುಗುಸು ಎದ್ದಿತು.

“ಇದು ಕಟ್ ಮಾಡಿ ಅಂಟಿಸಿದ್ದು!” ಬಿ.ಕಾಂ. ಓದುವ ಮೊಮ್ಮಗಳು ರಕ್ಷಾ ಕಿರುಚಿದಳು. “ನಮ್ಮಜ್ಜಿ ಆ ಸ್ಟೇಜ್ ಹತ್ತಿಲ್ಲ!”

“ನಾನೂ ನಂಬ್ತೀನಿ ಕಣೇ.” ಮೆಲ್ಲಗೆ ಎದ್ದವನು ರವಿಕುಮಾರ್ — ಸಮಿತಿಯ ಕಾರ್ಯದರ್ಶಿ, ಓಡಾಟ, ಬರವಣಿಗೆ, ಕರಪತ್ರ ಎಲ್ಲ ಅವನದೇ. “ಆದ್ರೆ ಪ್ರೂಫ್ ಎಲ್ಲೈತೆ? ನಾಳೆ ಆ ಕಡೆಯವರು ಸಾಹೇಬ್ರಿಗೆ ಈ ಫೋಟೋ ತೋರಿಸಿದ್ರೆ? ಒಂದು ಕೆಲಸ ಮಾಡಾಣ. ಅವ್ವ ನಾಳೆ ಮನೆಯಾಗೆ ಇರಲಿ. ನಾನು ಮಾತಾಡ್ತೀನಿ. ಅರ್ಧ ಜಾಗ ದಾರಿಗೆ ಬಿಟ್ಟು, ಅರ್ಧ ಉಳಿಸ್ಕೊಂಡ್ರೆ—”

“ಅರ್ಧ?” ಉಡಚಮ್ಮ ತಲೆ ಎತ್ತಿದಳು. “ಅರ್ಧ ಮನೆಯಾಗೆ ಕೂತು ಮಕ್ಕಳು ಅರ್ಧ ಅಕ್ಷರ ಓದ್ತಾವೇನಪ್ಪಾ?”

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ದುರ್ಗಾಂಬಿಕಾ. ಜಗಳೂರಿನವಳು, ಚನ್ನಗಿರಿಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ, ಭಾನುವಾರ ಬಂದರೆ ಈ ಓದುಕೂಟದಲ್ಲಿ ಅವಳಿಗೊಂದು ಚಾಪೆ ಖಾಯಂ. ರಕ್ಷಾ ಫೋನು ಮಾಡಿ ಕರೆಸಿದ್ದಳು.

ಬಂದವಳು ಫೋಟೋ ನೋಡಿದಳು. ಹಿಗ್ಗಿಸಿ ನೋಡಿದಳು. ಆಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದಳು.

“ಅವ್ವಾ, ಸೆರಗು ಸ್ವಲ್ಪ ಸರಿಸ್ತೀರಾ?”

ಸೆರಗು ಜಾರಿತು. ಆಗ ತಾನೇ ಬಿಡಿಸಿದ ಹತ್ತಿಯಂಥ ಬಿಳಿ ತಲೆ.

“ಮೆಹೆಂದಿ ಯಾವಾಗ ಹಚ್ಚಿದ್ರಿ?”

“ನಾನಾ?” ಉಡಚಮ್ಮನ ಕಣ್ಣು ಕಿಡಿ ಕಾರಿತು. “ಬಿಸಿಲಾಗೆ ಕಳೆ ಕಿತ್ತು, ಕಚೇರಿ ಮೆಟ್ಟಿಲು ಹತ್ತಿ ಬೆಳ್ಳಗೆ ಮಾಡ್ಕೊಂಡ ಕೂದಲಮ್ಮಾ ಇದು. ಬಣ್ಣ ಬಳಿದು ಮುಚ್ಚಾಕೆ ಇದೇನು ಕದ್ದು ತಂದಿದ್ದಾ?”

“ಬುಧವಾರ ಹಚ್ಚಿದ ಮೆಹೆಂದಿ ಭಾನುವಾರಕ್ಕೆ ಹೋಗಲ್ಲ,” ಪಾಪಣ್ಣ ಗಲ್ಲ ಕೆರೆದುಕೊಂಡ. “ಹಂಗಾರೆ ಇದೇನು?”

“ಅದು ಮೆಹೆಂದಿ ಅಲ್ಲ ಬಿಡ್ರಿ,” ರವಿಕುಮಾರ್ ಥಟ್ಟನೆ ಅಂದ. “ಹಿಂದಿನ ಪರದೆ ಕೆಂಪು. ಸ್ಟೇಜ್ ಲೈಟಿಗೆ ಅದೇ ಬಣ್ಣ ತಲೆಗೆ ಹೊಡೆದೈತೆ, ಅಷ್ಟೇ.”

ದುರ್ಗಾಂಬಿಕಾ ಅವನ ಕಡೆ ಒಮ್ಮೆ ನೋಡಿದಳು. “ಇರಬಹುದು.”

“ಅಂಟಿಸಿದ್ದೇ ಆದ್ರೆ ಆ ಕೆಂಚೇಶನದೇ ಕೆಲಸ!” ಪಾಪಣ್ಣ ತೊಡೆ ತಟ್ಟಿದ. “ಹೊನ್ನಾಳಿ ಫ್ಲೆಕ್ಸ್ ಅಂಗಡಿ. ತಿಪ್ಪೇರುದ್ರಸ್ವಾಮಿ ಬ್ಯಾನರೆಲ್ಲ ಹೊಡೆಯೋನು ಅವನೇ.”

“ನಂಗೂ ಅದೇ ಅನುಮಾನ,” ಅಂದ ರವಿಕುಮಾರ್.

ದುರ್ಗಾಂಬಿಕಾ ಎದ್ದಳು. ರಕ್ಷಾಳ ಕಿವಿಯ ಹತ್ತಿರ ಬಗ್ಗಿದಳು. “ನಿನ್ನ ಫೋನಾಗೆ ಅಜ್ಜಿಯ ಫೋಟೋ ಎಷ್ಟದಾವೆ?”

“ರಾಶಿ ಅದಾವೆ.”

“ಬಿಳಿ ಗೋಡೆ ಮುಂದೆ ನಿಂತಿರೋದು ಹುಡುಕಿಡು.”

“ಬಿಳಿ ಗೋಡೆನೇ ಯಾಕೆ ಟೀಚರ್?”

“ಸಂಜೆ ಹೇಳ್ತೀನಿ.”

ಹೊನ್ನಾಳಿಯ ಬಸ್‌ಸ್ಟ್ಯಾಂಡ್ ಹತ್ತಿರ ಕೆಂಚೇಶನ ಅಂಗಡಿ. ನೆಲದ ತುಂಬ ಲೀಡರುಗಳ ನಗುಮುಖಗಳು ಒಣಗುತ್ತಿದ್ದವು.

“ಪರದೆ ಬ್ಯಾನರ್ ನಾನೇ ಹೊಡೆದಿದ್ದು ಮೇಡಂ, ಒಪ್ತೀನಿ. ಈ ಫೋಟೋನಾ?” ಕೆಂಚೇಶ ಫೋನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಅವನು ಮುಖ ಕಿವುಚಿದ. “ಥೂ! ಇದನ್ನ ನಾನು ಮಾಡಿದ್ದು ಅಂತ ಯಾರಂದ್ರು? ಅಂದೋರನ್ನ ಕರೀರಿ ಇಲ್ಲಿ!”

“ಯಾಕೆ, ನಿಮ್ಮ ಕೈಲಿ ಆಗಲ್ವಾ?”

“ಏನ್ ಮಾತಂತ ಆಡ್ತೀರಿ! ಯಾವ ಲೀಡರ್ ತಲೆನ ಯಾವ ಮೈ ಮೇಲೆ ಬೇಕಾದ್ರೂ ಕೂರಿಸಿಕೊಡ್ತೀನಿ. ಆದ್ರೆ ಅಂಚು ಹಿಡಿದು ಸುತ್ತ ಕತ್ತರಿಸ್ತೀನಿ. ಒಳಗಿರೋದು ಒಂದು ಎಳೆ ಹಾಳಾಗಲ್ಲ. ಈ ಕೂದಲು ನೋಡ್ರಿ. ಹಿಂಗೆ ಮಾಡಿ ಕೊಟ್ರೆ ಗಿರಾಕಿ ನನ್ನ ತಲೆ ಬೋಳಿಸ್ತಾನೆ.”

ದುರ್ಗಾಂಬಿಕಾ ನಕ್ಕಳು. ಗೋಡೆಯ ಮೇಲಿನ ಅವನ ಬ್ಯಾನರುಗಳನ್ನು ಒಂದೊಂದಾಗಿ ನೋಡಿದಳು. ಬಿಳಿ ಟೋಪಿ ಬಿಳಿಯಾಗೇ ಇತ್ತು. ಬಿಳಿ ಮೀಸೆ ಬಿಳಿಯಾಗೇ ಇತ್ತು.

“ಬರ್ತೀನಿ ಕೆಂಚೇಶ್. ನೀವಲ್ಲ ಅಂತ ಗೊತ್ತಾಯ್ತು.”

“ಹೆಂಗೆ?”

“ನಿಮ್ಮ ಮೀಸೆಗಳು ಹೇಳಿದ್ವು.”

ಸಂಜೆ ಕೋಣೆ ಮತ್ತೆ ತುಂಬಿತು. ಈಗ ಯಾರೂ ನಗುತ್ತಿರಲಿಲ್ಲ. ದುರ್ಗಾಂಬಿಕಾ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ತೆರೆದಳು. ರಕ್ಷಾ ಹುಡುಕಿಟ್ಟಿದ್ದ, ಹಿಂದೆ ಕೇರಿಯ ವಾಟ್ಸಾಪ್ ಗ್ರೂಪಿಗೂ ಹಾಕಿದ್ದ ಫೋಟೋ ತೆರೆಯ ಮೇಲೆ ಬಂತು.

ಬುದ್ಧ ಪೂರ್ಣಿಮೆಯ ಮಧ್ಯಾಹ್ನ. ಹೊಸದಾಗಿ ಸುಣ್ಣ ಹೊಡೆದ ಇದೇ ವಿಹಾರದ ಹೊರಗೋಡೆ. ಉರಿಬಿಸಿಲಿಗೆ ಗೋಡೆಯೂ ಕೂದಲೂ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿವೆ. ಕಡುನೀಲಿ ಸೀರೆ. ಜೋಡಿಸಿದ ಕೈ.

“ಅದೇ ಸೀರೆ!” ಯಾರೋ ಅಂದರು. “ಅದೇ ಕೈ!”

“ಈಗ ನೋಡ್ರಿ,” ಎಂದಳು ದುರ್ಗಾಂಬಿಕಾ. “ಗೋಡೆ ಹೋಗಬೇಕು, ಅವ್ವ ಉಳಿಯಬೇಕು. ಕೆಂಚೇಶನಂಥೋರು ಸುತ್ತ ಅಂಚು ಹಿಡಿದು ಕತ್ತರಿಸ್ತಾರೆ. ಅದು ಬರದೇ ಇರೋರಿಗೆ ಪೇಂಟ್ ಅಂತ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಐತೆ, ಎಲ್ಲ ಕಂಪ್ಯೂಟರ್‌ನಾಗೂ ಪುಕ್ಕಟೆ. ಅದರಾಗೆ ಒಂದು ಬಟನ್. ಬಿಳಿ ಬಣ್ಣ ಬ್ಯಾಡ ಅಂದ್ರೆ ಬಿಳಿ ಇರೋ ಕಡೆಯೆಲ್ಲ ಗಾಜಿನಂಗೆ ಪಾರದರ್ಶಕ ಮಾಡ್ತೈತೆ. ಹಿಂದೆ ಏನಿಟ್ರೆ ಅದು ಕಾಣ್ತೈತೆ.”

ಉಡಚಮ್ಮನ ಚಿತ್ರವನ್ನು ಎತ್ತಿ ಒಂದು ಭತ್ತದ ಗದ್ದೆಯ ಫೋಟೋದ ಮೇಲಿಟ್ಟಳು. ಗೋಡೆ ಮಾಯ. ಗದ್ದೆಯ ನಡುವೆ ಉಡಚಮ್ಮ. ತಲೆ — ಹಸಿರೋ ಹಸಿರು!

“ಅಯ್ಯೋ! ಗಿಣಿ ಆಗ್ಬಿಟ್ನಲ್ಲೇ ರಕ್ಷಾ!” ಉಡಚಮ್ಮ ತಲೆ ಮುಟ್ಟಿ ನೋಡಿಕೊಂಡಳು.

ಕೋಣೆಗೆ ಕೋಣೆಯೇ ನಕ್ಕಿತು. ಬೆಳಗಿನ ನಗುವಲ್ಲ ಇದು. ಕಟ್ಟಿದ್ದ ಉಸಿರು ಬಿಟ್ಟ ನಗು.

“ಆ ಬಟನ್ನಿಗೆ ಗೋಡೆ ಯಾವುದು, ಕೂದಲು ಯಾವುದು ಗೊತ್ತಿಲ್ಲ. ಬಿಳಿ ಕಂಡ್ರೆ ಸಾಕು, ತೆಗೀತೈತೆ. ಗದ್ದೆ ಮೇಲಿಟ್ರೆ ಹಸಿರು ತಲೆ, ಕೆಂಪು ಪರದೆ ಮೇಲಿಟ್ರೆ ಕೆಂಪು ತಲೆ. ನೀವೆಲ್ಲ ಅದನ್ನ ಮೆಹೆಂದಿ ಅಂದ್ರಿ. ಒಬ್ಬರು ಮಾತ್ರ ಸ್ಟೇಜ್ ಲೈಟು ಅಂದ್ರು. ಲೈಟೇ ಆಗಿದ್ರೆ ಪಕ್ಕದಾಗಿರೋ ತಿಪ್ಪೇರುದ್ರಸ್ವಾಮಿ ಬಿಳಿ ಪಂಚೆ ಯಾಕೆ ಕೆಂಪಾಗಲಿಲ್ಲ?”

ಎಲ್ಲರೂ ಫೋನು ತೆಗೆದು ಪಂಚೆಯನ್ನು ಹಿಗ್ಗಿಸಿ ನೋಡಿದರು.

“ಹಂಗಾರೆ ಮಾಡಿದೋರು ಯಾರು?” ಪಾಪಣ್ಣನ ದನಿ ಗಡುಸಾಗಿತ್ತು.

“ಅದನ್ನ ನೀವೇ ಹೇಳ್ಬೇಕು ಪಾಪಣ್ಣಾರೇ. ನಿಮ್ಮ ಹಿಂದಿರೋ ಪೋಸ್ಟರ್ ನೋಡ್ರಿ. ಪುಸ್ತಕದ ಹಾಳೆ ಯಾವ ಬಣ್ಣ?”

“ನೀಲಿ. ಅದು ಕಲ್ಪನೆ ಅಲ್ವಾ ಟೀಚರ್? ಮೇಷ್ಟ್ರು ಅವತ್ತು ಅಷ್ಟೊತ್ತು ಹೇಳಿದ್ರಲ್ಲ—”

“ಕಲ್ಪನೆ ಅಲ್ಲ. ತಪ್ಪು. ಮೊದಲಿದ್ದ ಚಿತ್ರದಾಗೆ ಬಿಳಿ ಹಾಳೆಯ ಮೇಲೆ ತೆರೆದ ಬಿಳಿ ಪುಸ್ತಕ. ಸುತ್ತಲಿನ ಬಿಳಿ ತೆಗೆಯಾಕೆ ಹೋಗಿ ಪುಸ್ತಕದ ಬಿಳಿನೂ ಹೋಯ್ತು, ಹಿಂದಿನ ಆಕಾಶ ಒಳಗೆ ಬಂತು. ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಹಂಗಾಗಿ ತಪ್ಪು ಮಾಡಿದೋರಿಗೆ ತಪ್ಪು ಅಂತಲೇ ಗೊತ್ತಾಗಲಿಲ್ಲ. ಅದೇ ಕೈ, ಅದೇ ಬಟನ್ನು, ಅದೇ ತಪ್ಪು. ಈ ಪೋಸ್ಟರ್ ಮಾಡಿದ್ದು ಯಾರು?”

ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.

“ಪೇಂಟ್ ಎಲ್ಲರ ಕಂಪ್ಯೂಟರ್‌ನಾಗೂ ಐತೆ ಅಂತ ನೀವೇ ಹೇಳಿದ್ರಿ!” ರವಿಕುಮಾರ್ ಎದ್ದು ನಿಂತ. “ನಾನೇ ಯಾಕೆ?”

“ಬುಧವಾರ ಅವ್ವ ಒಬ್ಬರೇ ಹೊನ್ನಾಳಿಗೆ ಹೋಗ್ತಾರೆ ಅಂತ ಯಾರಿಗೆ ಗೊತ್ತಿತ್ತು? ಬಸ್ಸಿಗೆ ಬಿಟ್ಟೋನಿಗೆ. ಇನ್ನೊಂದು. ಬೆಳಿಗ್ಗೆ ಇಡೀ ಕೇರಿ ಮೆಹೆಂದಿ ಅಂತಿದ್ದಾಗ ನೀನೊಬ್ಬನೇ ಪರದೆಯ ಬಣ್ಣ ಅಂದೆ. ಕೆಂಪು ಬಂದದ್ದು ಪರದೆಯಿಂದಲೇ. ನೀನು ಹೇಳಿದ್ದು ನಿಜ. ನಿಂಗೆ ಹೆಂಗೆ ಗೊತ್ತಾಯ್ತು ರವೀ?”

ರವಿಕುಮಾರ್ ಇದ್ದಲ್ಲೇ ಕುಸಿದು ಕೂತ.

ಆಮೇಲೆ ನೆಲ ನೋಡುತ್ತಾ ಒದರಿದ: “ಪೋಸ್ಟರ್ ನಂದು. ಕರಪತ್ರ ನಂದು. ಅರ್ಜಿ ಬರೆದಿದ್ದು ನಾನು. ಪೇಪರಿನಾಗೆ ಬರೋ ಮುಖ ಮಾತ್ರ ಇವಳದು! ರಾಜಿ ಮಾಡ್ಸು, ತಾಲ್ಲೂಕಿಗೆ ನಿನ್ನನ್ನೇ ಲೀಡರ್ ಮಾಡ್ತೀನಿ ಅಂದ ತಿಪ್ಪೇರುದ್ರಸ್ವಾಮಿ. ಸ್ಟೇಜ್ ಫೋಟೋನೂ ಅವನೇ ಕಳಿಸಿದ, ಅವ್ವನ್ನ ಅದರಾಗೆ ನಿಲ್ಲಿಸಿದ್ದು ನಾನು...”

ಹುಡುಗರು ಮೇಲೆದ್ದರು. ಉಡಚಮ್ಮ ಕೈ ಅಡ್ಡ ಹಿಡಿದಳು. ಒಂದೇ ಕೈ, ಎಲ್ಲರೂ ನಿಂತರು.

“ಆ ಕೈ ನಾನು ಬುದ್ಧನಿಗೆ ಮುಗಿದದ್ದು ಕಣೋ,” ಅಂದಳು. “ಅದನ್ನ ಕಿತ್ತು ಅವನ ಮುಂದೆ ಇಟ್ಟೆಯಲ್ಲ. ಮುಖ ಬೇಕಾಗಿತ್ತು ಅಂದಿದ್ರೆ ನನ್ನ ಪಕ್ಕ ಬಂದು ನಿಲ್ಲಬಾರದಿತ್ತಾ? ಎಷ್ಟೊಂದು ಜಾಗ ಇತ್ತು.”

ರವಿಕುಮಾರ್ ಮುಖ ಮುಚ್ಚಿಕೊಂಡ. ಯಾರೋ ಪೋಸ್ಟರ್ ಹರಿಯಲು ಕೈ ಚಾಚಿದರು.

“ಬಿಡ್ರಿ ಅದನ್ನ!” ಉಡಚಮ್ಮ ಗದರಿದಳು. “ಹಾಳೆ ನೀಲಿನೇ ಇರಲಿ. ಮಾಡಿದ್ದು ಅವನ ತಪ್ಪಿರಬಹುದು, ಎದೆಗೆ ಹಚ್ಕೊಂಡಿದ್ದು ನಾವು.”

ಸೋಮವಾರ ತಹಶೀಲ್ದಾರರ ಜೀಪು ಬಂದಾಗ ಉಡಚಮ್ಮ ಸೆರಗು ಹೊದೆಯದೆ ನಿಂತಿದ್ದಳು. ಬಿಸಿಲಿಗೆ ಆ ತಲೆ ದೂರದ ರಸ್ತೆಗೂ ಕಾಣುತ್ತಿತ್ತು. ತಿಪ್ಪೇರುದ್ರಸ್ವಾಮಿಯ ಕಡೆಯವನೊಬ್ಬ ಫೋನು ತೆಗೆದು ಫೋಟೋ ತೋರಿಸಲು ಹೋದ. ಸಾಹೇಬರು ಫೋಟೋ ನೋಡಿದರು, ಎದುರಿಗಿದ್ದ ತಲೆ ನೋಡಿದರು. “ಇದ್ಯಾರು, ಇವರ ತಂಗಿಯಾ?” ಅಂದರು. ಅವನು ಫೋನು ಜೇಬಿಗಿಳಿಸಿದ.

ಉಡಚಮ್ಮ ಮಾತಾಡಿದಳು. ಅರ್ಧ ಎಂಬ ಪದ ಅವಳ ಬಾಯಲ್ಲಿ ಬರಲಿಲ್ಲ. ಸರ್ವೆಯವರು ಚೈನು ಎಳೆದು ಅಳೆದರು. ಜಾಗ ಕೇರಿಯದೇ ಎಂದು ನಾಲ್ಕೂ ಮೂಲೆಗೆ ಕಲ್ಲು ಬಿತ್ತು.

“ಅಜ್ಜೀ, ಒಂದು ಫೋಟೋ!” ರಕ್ಷಾ ಫೋನು ಎತ್ತಿದಳು. “ವಿಹಾರದ ಗೋಡೆ ಮುಂದೆ ಬಾ, ಬೆಳಕು ಚೆನ್ನಾಗೈತೆ.”

“ಗೋಡೆ ಬ್ಯಾಡ.” ಉಡಚಮ್ಮ ಕಲ್ಲಿನ ಪಕ್ಕದಲ್ಲೇ ಗಟ್ಟಿಯಾಗಿ ನಿಂತಳು. “ಏ, ಬರ್ರೇ ಎಲ್ಲರೂ. ನಿನ್ನೆ ಡೇರಿ ಮುಂದೆ ನಕ್ಕೋರು ಮೊದಲು ಬರ್ರಿ. ನನ್ನ ಹಿಂದೆ ನಿಂತ್ಕಳ್ರಿ. ಒತ್ತಿ ನಿಂತ್ಕಳ್ರಿ.”

ಬಂದರು. ನೀಲಿ, ಹಳದಿ, ಹಸಿರು ಸೀರೆಗಳು, ಹೆಗಲಿಗೆ ಹೆಗಲು. ನಡುವೆ ಒಂದು ಗೇಣು ಬಿಳಿಯೂ ಉಳಿಯಲಿಲ್ಲ, ಅವಳ ತಲೆಯ ಬಿಳಿಯೊಂದನ್ನು ಬಿಟ್ಟು.

“ಈಗ ತೆಗಿಯೇ,” ಅಂದಳು ಉಡಚಮ್ಮ. “ಇವರ ನಡುವಿಂದ ನನ್ನನ್ನ ಯಾವ ಬಟನ್ನು ಎತ್ತುತ್ತೈತೋ ನೋಡಾಣ.”